ಬಾಲ ಎತ್ತಿ ನೋಡಿ: ಕರುಗಳ ಹುಟ್ಟು ದೋಷಗಳೂ ಅವುಗಳ ಶಸ್ತ್ರಚಿಕಿತ್ಸೆಯೂ

"ಸಾ, ಕರು ಹಾಕಿ ಮೂರು ದಿನ ಆಯ್ತು. ಹಾಲು ಚೆನ್ನಾಗೇ ಕುಡೀತಿತ್ತು. ಇವತ್ತು ಬೆಳಿಗ್ಗೆಯಿಂದ ಮೂತಿ ತಿರುಗಿಸ್ತಾ ಐತೆ. ಹೊಟ್ಟೆ ತಮಟೆ ಆಗೈತೆ."

"ಸಗಣಿ ಹಾಕಿದೆಯಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನೋಡಿಲ್ಲ ಸಾ."

"ಬಾಲ ಎತ್ತಿ ನೋಡಿ."

ಫೋನು ಹಿಡಿದುಕೊಂಡೇ ಕೊಟ್ಟಿಗೆಗೆ ಹೋಗುತ್ತಾರೆ. ಹೆಜ್ಜೆ ಸಪ್ಪಳ, ತಾಯಿ ಹಸುವಿನ ಅಂಬಾ. ಆಮೇಲೆ ದನಿ ಇಳಿದುಹೋಗಿರುತ್ತದೆ: "ಸಾ, ತೂತೇ ಇಲ್ಲ."

ನನ್ನಂಥ ಹಳ್ಳಿಗಾಡಿನ ಪಶುವೈದ್ಯರಿಗೆ ಇಂಥ ಕರೆ ಹೊಸದಲ್ಲ. ಗುದದ್ವಾರವಿಲ್ಲದೆ ಹುಟ್ಟುವುದು ಕರು, ಕುರಿಮರಿ, ಹಂದಿಮರಿಗಳಲ್ಲಿ ಕಾಣುವ ಹುಟ್ಟು ದೋಷಗಳಲ್ಲೊಂದು. ಬಹಳಷ್ಟು ಸಲ ಇದನ್ನು ಅರ್ಧ ಗಂಟೆಯ ಶಸ್ತ್ರಚಿಕಿತ್ಸೆಯಲ್ಲಿ ಸರಿಪಡಿಸಬಹುದು. ಆದರೂ ಇದರಿಂದ ಕರುಗಳು ಸಾಯುತ್ತಲೇ ಇವೆ, ಏಕೆಂದರೆ ಮೊದಲ ದಿನ ಯಾರೂ ಬಾಲ ಎತ್ತಿ ನೋಡಿರುವುದಿಲ್ಲ. ಕರು ಚುರುಕಾಗಿ ಹುಟ್ಟುತ್ತದೆ, ಎದ್ದು ನಿಲ್ಲುತ್ತದೆ, ಕೆಚ್ಚಲು ಹುಡುಕಿ ಗಿಣ್ಣುಹಾಲು ಕುಡಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಇದೆ.

ಸರಿಯಾದ ಕರು ಹುಟ್ಟಿದ 24 ಗಂಟೆಯೊಳಗೆ ಮೊದಲ ಸಗಣಿ ಹಾಕಬೇಕು. ಕಪ್ಪು ಹಸಿರು ಬಣ್ಣದ, ಟಾರಿನಂತೆ ಅಂಟುವ ವಸ್ತು ಅದು. ತಾಯಿಯ ಹೊಟ್ಟೆಯಲ್ಲಿದ್ದಾಗ ನುಂಗಿದ ಗರ್ಭನೀರು, ಪಿತ್ತರಸ, ಕರುಳಿನ ಒಳಪದರದಿಂದ ಉದುರಿದ ಕೋಶಗಳು ಸೇರಿ ಆಗಿರುತ್ತದೆ. ಅದು ಬರದಿದ್ದರೆ ಎರಡನೇ ದಿನಕ್ಕೆ ಕರು ಬೆನ್ನು ಬಾಗಿಸಿ ತಿಣುಕತೊಡಗುತ್ತದೆ. ಮೂರನೇ ದಿನಕ್ಕೆ ಹೊಟ್ಟೆ ಉಬ್ಬಿ, ಉಸಿರಾಟ ಕಷ್ಟವಾಗಿ, ಕಿವಿ ತಣ್ಣಗಾಗಿ, ಕಣ್ಣು ಒಳಕ್ಕೆ ಹೋಗುತ್ತದೆ.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಕೋಳಿಯನ್ನು ನೆನೆಯಿರಿ. ಕೋಳಿಗೆ ಹಿಕ್ಕೆ, ಮೂತ್ರ, ಮೊಟ್ಟೆ ಎಲ್ಲಕ್ಕೂ ಹಿಂದೆ ಒಂದೇ ದ್ವಾರ. ಕರು ಕೂಡ ಭ್ರೂಣವಾಗಿದ್ದಾಗ, ಗಬ್ಬದ ಮೊದಲ ವಾರಗಳಲ್ಲಿ, ಹಾಗೆಯೇ ಇರುತ್ತದೆ: ಕರುಳು ಮತ್ತು ಮೂತ್ರದ ದಾರಿ ಒಂದೇ ಚೀಲಕ್ಕೆ ಬಂದು ಸೇರುತ್ತವೆ, ಚೀಲದ ಹೊರಬಾಯಿಗೆ ತೆಳು ಪೊರೆ. ನಂತರ ಮೇಲಿನಿಂದ ಒಂದು ತೆರೆ ಇಳಿದುಬಂದು ಚೀಲವನ್ನು ಎರಡು ಪಾಲು ಮಾಡುತ್ತದೆ, ಹಿಂದಿನ ಪಾಲು ಗುದನಾಳ, ಮುಂದಿನದು ಮೂತ್ರ ಮತ್ತು ಜನನದ ದಾರಿ. ಕೊನೆಗೆ ಪೊರೆ ಹರಿದು ದ್ವಾರ ತೆರೆದುಕೊಳ್ಳಬೇಕು. ಪೊರೆ ಹರಿಯದಿದ್ದರೆ ಗುದದ್ವಾರ ಮುಚ್ಚಿಯೇ ಉಳಿಯುತ್ತದೆ. ತೆರೆ ಪೂರ್ತಿ ಇಳಿಯದಿದ್ದರೆ ಎರಡು ದಾರಿಗಳ ನಡುವೆ ಕಿಂಡಿ ಉಳಿಯುತ್ತದೆ. ಹೆಣ್ಣುಗರುವಿನಲ್ಲಿ ಆ ಕಿಂಡಿಯಿಂದ ಸಗಣಿ ಯೋನಿಗೆ ಬಂದು ಹೊರಬೀಳುತ್ತದೆ. ಅಂಥ ಕರು ವಾರಗಟ್ಟಲೆ ಬದುಕಿ ಬೆಳೆಯುವುದೂ ಉಂಟು, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಹೋರಿಗರುವಿನಲ್ಲಿ ಕಿಂಡಿ ಮೂತ್ರನಾಳಕ್ಕೆ ತೆರೆದುಕೊಂಡರೆ ಮೂತ್ರ ಹಸಿರುಗಟ್ಟಿ ಬರುತ್ತದೆ. ಆ ಸಣ್ಣ ದಾರಿಯಲ್ಲಿ ಸಗಣಿ ಸಾಗದು, ಸೋಂಕು ಬೇಗ ಏರುತ್ತದೆ.

ಇನ್ನು ವೈದ್ಯರು ಮಾಡುವ ಪರೀಕ್ಷೆ. ಮೊದಲ ಪ್ರಶ್ನೆ, ಕರುಳಿನ ಕುರುಡು ತುದಿ ಚರ್ಮದಿಂದ ಎಷ್ಟು ದೂರದಲ್ಲಿದೆ? ಕರುವಿನ ಹೊಟ್ಟೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದಾಗ ಬಾಲದ ಬುಡದ ಕೆಳಗೆ ಚರ್ಮ ಉಬ್ಬಿ ಬಂದರೆ ಒಳ್ಳೆಯ ಸುದ್ದಿ: ತುದಿ ಚರ್ಮದ ಹಿಂದೆಯೇ ಇದೆ. ಏನೂ ಉಬ್ಬದಿದ್ದರೆ ಗುದನಾಳ ಸೊಂಟದ ಗೂಡಿನಲ್ಲೇ ಎಲ್ಲೋ ನಿಂತಿದೆ ಎಂದರ್ಥ. ಎಕ್ಸ್‌ರೇ ಇರುವ ಕಡೆ ಸರಳ ಉಪಾಯವೊಂದಿದೆ. ಕರುವಿನ ಹಿಂಭಾಗವನ್ನು ಮೇಲಕ್ಕೆತ್ತಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಕರುಳಿನ ಗಾಳಿ ಮೇಲೇರಿ ಕುರುಡು ತುದಿಯಲ್ಲಿ ನಿಲ್ಲುತ್ತದೆ. ಗುದವಿರಬೇಕಾದ ಜಾಗದಲ್ಲಿ ಲೋಹದ ಗುರುತೊಂದನ್ನು ಅಂಟಿಸಿ ಚಿತ್ರ ತೆಗೆದರೆ, ಗಾಳಿಯ ಕಪ್ಪು ನೆರಳಿಗೂ ಲೋಹದ ಬಿಳಿ ಚುಕ್ಕೆಗೂ ನಡುವಿನ ಅಂತರವೇ ದೂರ.

ಎರಡನೆಯ ಪ್ರಶ್ನೆ, ಇನ್ನೇನಾದರೂ ದೋಷ ಇದೆಯೇ? ಹುಟ್ಟು ದೋಷಗಳು ಒಂಟಿಯಾಗಿ ಬರದೆ ಜೊತೆಗೂಡಿ ಬರುವುದು ಹೆಚ್ಚು. ಗುದವಿಲ್ಲದ ಕರುವಿಗೆ ಬಾಲವೇ ಇಲ್ಲದಿರಬಹುದು, ಬೆನ್ನೆಲುಬಿನ ತುದಿ ಅಪೂರ್ಣವಾಗಿರಬಹುದು, ಮೂತ್ರಪಿಂಡದಲ್ಲಿ ಕೊರತೆಯಿರಬಹುದು. ಹಾಗಾಗಿ ಬಾಯಿ ತೆರೆದು ಟಾರ್ಚ್ ಹಿಡಿದು ಅಂಗುಳ ನೋಡಬೇಕು, ಎದೆಗೆ ಸ್ಟೆತಸ್ಕೋಪ್ ಇಟ್ಟು ಹೃದಯದ ಸದ್ದು ಕೇಳಬೇಕು, ಕಣ್ಣು, ಹೊಕ್ಕುಳು, ನಾಲ್ಕು ಕಾಲು ಮುಟ್ಟಿ ನೋಡಬೇಕು. ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಚಾಕು ಹಿಡಿದರೆ, ಗುದ ಸರಿಯಾದ ಕರು ಹೃದಯದ ತೂತಿನಿಂದ ಸತ್ತು, ರೈತ ಖರ್ಚನ್ನೂ ಕರುವನ್ನೂ ಕಳೆದುಕೊಳ್ಳುತ್ತಾನೆ.

ಕರು ನಿತ್ರಾಣವಾಗಿದ್ದರೆ ಮೊದಲು ರಕ್ತನಾಳಕ್ಕೆ ಗ್ಲೂಕೋಸು, ಲವಣದ ದ್ರಾವಣ. ಕತ್ತಿನ ಚರ್ಮ ಹಿಡಿದೆಳೆದು ಬಿಟ್ಟಾಗ ಮಡಿಕೆ ತಟ್ಟನೆ ಇಳಿಯದೆ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ನಂತರ ಅರಿವಳಿಕೆ. ಪೂರ್ತಿ ಮಲಗಿಸುವುದು ಬೇಡ. ಬಾಲವನ್ನು ಬೋರ್‌ವೆಲ್ ಹ್ಯಾಂಡಲ್‌ನಂತೆ ಮೇಲೆ ಕೆಳಗೆ ಆಡಿಸಿದಾಗ ಮೊದಲು ಮಡಚುವ ಕೀಲು ಎಲ್ಲಿದೆಯೋ, ಅಲ್ಲಿ ಎರಡು ಮೂಳೆಗಳ ನಡುವೆ ಸೂಜಿ ಇಳಿಸಿ ಸ್ವಲ್ಪ ಲಿಗ್ನೋಕೇನ್ ಕೊಟ್ಟರೆ ಬಾಲ ಜೋತುಬೀಳುತ್ತದೆ, ಹಿಂಭಾಗ ಮರಗಟ್ಟುತ್ತದೆ, ಕರು ಎಚ್ಚರವಾಗಿಯೇ ಇರುತ್ತದೆ. ಕುರಿಮರಿ, ಆಡಿನ ಮರಿಗಳಲ್ಲಿ ಈ ಔಷಧಿಯ ಅಳತೆ ತಪ್ಪಬಾರದು. ಅವುಗಳ ಮೈ ಚಿಕ್ಕದು, ಸ್ವಲ್ಪ ಹೆಚ್ಚಾದರೂ ಫಿಟ್ಸ್ ಬಂದು ಜೀವ ಹೋಗಬಹುದು.

ಈಗ ಚರ್ಮ. ಉಬ್ಬಿದ ಜಾಗದಲ್ಲಿ ಒಂದು ಗೀರು ಹಾಕಿದರೆ ಸಗಣಿ ಬಂದೇ ಬರುತ್ತದೆ. ಊರಲ್ಲಿ ಧೈರ್ಯವಂತರೊಬ್ಬರು ಬ್ಲೇಡು ಹಿಡಿದು ಅಷ್ಟು ಮಾಡಿ, "ಆಯ್ತು, ಹೋಗು" ಎನ್ನುವುದೂ ಉಂಟು. ಆಗ ಎರಡು ತೊಂದರೆ. ಗೀರು ಗಾಯ, ಗಾಯ ಕೂಡಿಕೊಳ್ಳುವುದು ದೇಹದ ಧರ್ಮ, ವಾರದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಎರಡನೆಯದು. ಕರುಳಿಗೂ ಚರ್ಮಕ್ಕೂ ನಡುವೆ ಇರುವ ಮೆದು ಅಂಗಾಂಶಕ್ಕೆ ಸಗಣಿ ಸೋರಿ, ಸೊಂಟದ ಗೂಡಿನೊಳಗೆ ಕೀವು ತುಂಬಿಕೊಳ್ಳುತ್ತದೆ.

ಅದಕ್ಕೇ ಶಸ್ತ್ರವೈದ್ಯರು ಗೀರು ಹಾಕದೆ, ನಾಣ್ಯದಷ್ಟು ಅಗಲದ ಚರ್ಮವನ್ನು ವೃತ್ತಾಕಾರವಾಗಿ ಕತ್ತರಿಸಿ ತೆಗೆದುಬಿಡುತ್ತಾರೆ. ಹಿಂದಿನ ಅಂಗಾಂಶವನ್ನು ಚಾಕುವಿನಿಂದ ಕೊಯ್ಯದೆ, ಮೊಂಡು ಕತ್ತರಿಯ ತುದಿಯಿಂದ ಬಿಡಿಸುತ್ತ ಒಳಗೆ ಹೋದಾಗ ಕುರುಡು ಚೀಲ ಸಿಗುತ್ತದೆ. ಒಳಗಿನ ಕಪ್ಪು ಬಣ್ಣ ಅದರ ಗೋಡೆಯ ಮೂಲಕವೇ ಕಾಣುತ್ತದೆ. ಅದನ್ನು ಮೆಲ್ಲಗೆ ಹೊರಗೆಳೆದು ನಾಲ್ಕು ದಿಕ್ಕಿನಲ್ಲಿ ಚರ್ಮಕ್ಕೆ ಹೊಲಿದು ನಿಲ್ಲಿಸಿ, ಆಮೇಲೆ ತುದಿಯನ್ನು ತೆರೆಯುತ್ತಾರೆ. ಮೂರು ದಿನ ಕಟ್ಟಿಕೊಂಡಿದ್ದೆಲ್ಲ ಒಮ್ಮೆಗೇ ಹೊರಬರುತ್ತದೆ. ತೊಳೆದು, ಕರುಳಿನ ಒಳಪದರದ ಅಂಚನ್ನು ಚರ್ಮದ ಅಂಚಿಗೆ ಸುತ್ತಲೂ ಬಿಡಿ ಹೊಲಿಗೆಗಳಿಂದ ಕೂಡಿಸುತ್ತಾರೆ. ಇಡೀ ಕೆಲಸದ ಜೀವಾಳ ಈ ಕೊನೆಯ ಸುತ್ತು ಹೊಲಿಗೆ. ಒಳಪದರ ಚರ್ಮಕ್ಕೆ ಕೂಡಿಕೊಂಡರೆ ಅಲ್ಲಿ ಗಾಯವೇ ಉಳಿಯುವುದಿಲ್ಲ, ಗಾಯವಿಲ್ಲದ ಕಡೆ ದಾರಿ ಮುಚ್ಚುವುದಿಲ್ಲ. ಹೊಟ್ಟೆ ಇಳಿದ ಕರು ಅದೇ ದಿನ ಹೋಗಿ ಕೆಚ್ಚಲಿಗೆ ಗುದ್ದಿ ಹಾಲು ಕುಡಿಯುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಮನೆಯಲ್ಲಿ ಆಮೇಲಿನ ಆರೈಕೆ ಮುಖ್ಯ. ಸಗಣಿ ಮೆತ್ತಗಿರಲು ಲಿಕ್ವಿಡ್ ಪ್ಯಾರಾಫಿನ್, ವೈದ್ಯರು ಬರೆದಷ್ಟು ದಿನ ಆ್ಯಂಟಿಬಯೋಟಿಕ್, ನೊಣ ಕೂತು ಹುಳ ಬೀಳದಂತೆ ಎಚ್ಚರ. ಸುಮಾರು ಹತ್ತು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಸಗಣಿ ಪೆನ್ಸಿಲ್‌ನಷ್ಟು ಸಣ್ಣಗೆ ಬರತೊಡಗಿದರೆ ದ್ವಾರ ಕಿರಿದಾಗುತ್ತಿದೆ, ಕೂಡಲೇ ತೋರಿಸಬೇಕು. ಸಗಣಿ ತಡೆದು ಹಿಡಿಯುವ ಸ್ನಾಯುವಿನ ಉಂಗುರ ಕೆಲವು ಕರುಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಅವುಗಳ ಹಿಂಭಾಗ ಯಾವಾಗಲೂ ಸ್ವಲ್ಪ ಒದ್ದೆ. ಹುಟ್ಟಿನಿಂದಲೇ ಇಲ್ಲದ ಉಂಗುರವನ್ನು ಶಸ್ತ್ರಕ್ರಿಯೆಯಿಂದ ಮಾಡಿಕೊಡಲಾಗದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದಕ್ಕಿಂತ ಮೋಸ ಮಾಡುವ ದೋಷ ಇನ್ನೊಂದಿದೆ. ಬಾಲ ಎತ್ತಿದರೆ ದ್ವಾರ ಸರಿಯಾಗಿದೆ, ಆದರೆ ಸಗಣಿ ಬರುತ್ತಿಲ್ಲ. ಗ್ಲೌಸ್ ಹಾಕಿ ಬೆರಳು ಒಳಗೆ ಬಿಟ್ಟರೆ ಬಿಳಿಯ ಅಂಟುಲೋಳೆ ಮಾತ್ರ ಹತ್ತುತ್ತದೆ, ಸಗಣಿಯ ಬಣ್ಣದ ಸುಳಿವೇ ಇಲ್ಲ. ಒಳಗೆ ದೊಡ್ಡ ಕರುಳಿನ ಒಂದು ಭಾಗವೇ ಬೆಳೆದಿಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯಲ್ಲಿ ಇದು ಹೆಚ್ಚು ಕಾಣುತ್ತದೆ. ವಂಶದ ಪಾತ್ರದ ಜೊತೆಗೆ ಇನ್ನೊಂದು ಗುಮಾನಿಯೂ ಇದೆ: ಗಬ್ಬ ನಿಂತು 42 ದಿನ ತುಂಬುವ ಮೊದಲೇ ಗುದದೊಳಗೆ ಕೈ ಹಾಕಿ ಭ್ರೂಣದ ಚೀಲವನ್ನು ಹಿಡಿದು ಪರೀಕ್ಷಿಸಿದ ಹಸುಗಳ ಕರುಗಳಲ್ಲಿ ಈ ದೋಷ ಹೆಚ್ಚು ಎಂದು ಅಧ್ಯಯನಗಳು ಕಂಡಿವೆ. ಕರುಳು ರೂಪುಗೊಳ್ಳುವ ಆ ದಿನಗಳಲ್ಲಿ ಅದಕ್ಕೆ ಹೋಗುವ ರಕ್ತ ತಪ್ಪಿದರೆ ಆ ತುಂಡು ಬೆಳೆಯದೆ ಉಳಿಯುತ್ತದೆ ಎಂಬುದು ವಿವರಣೆ. ಹಸು ಗಬ್ಬವಾಗಿದೆಯೋ ಇಲ್ಲವೋ ಎಂದು ಆತುರಪಟ್ಟು ಕೈ ಹಾಕಿಸುವ ಬದಲು ಎರಡು ತಿಂಗಳು ಕಾಯುವುದರಿಂದ ಯಾರಿಗೂ ನಷ್ಟವಿಲ್ಲ. ಇಂಥ ಕರುವಿಗೆ ಪಕ್ಕೆಯಲ್ಲಿ ಕರುಳಿನ ಬಾಯಿ ತೆರೆದು ಹೊಲಿಯಬಹುದು. ಆದರೆ ಬಹುಪಾಲು ಕರುಗಳು ಹೆಚ್ಚು ಕಾಲ ಬಾಳುವುದಿಲ್ಲ. ಇಲ್ಲಿ ನಾನು ಶಸ್ತ್ರಕ್ರಿಯೆಗೆ ಒತ್ತಾಯಿಸುವುದಿಲ್ಲ.

ಹೊಕ್ಕುಳ ಹರ್ನಿಯಾ ಬೇರೆ ಕತೆ. ಅಲ್ಲಿ ಗಡಿಬಿಡಿ ಕಡಿಮೆ, ಗೊಂದಲ ಹೆಚ್ಚು. ಹೊಕ್ಕುಳಬಳ್ಳಿ ಹಾದು ಬಂದ ಕಿಂಡಿ ಹುಟ್ಟಿದ ಕೆಲವೇ ದಿನದಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ಹೊಟ್ಟೆಯ ಒಳಗಿನದು ಚರ್ಮದಡಿ ಇಳಿದು ಚೀಲದಂತೆ ಜೋತಾಡುತ್ತದೆ. ಕರುಗಳ ಹುಟ್ಟು ದೋಷಗಳಲ್ಲಿ ಇದು ತೀರ ಸಾಮಾನ್ಯ. ಆದರೆ ಹೊಕ್ಕುಳ ಬಳಿ ಊದಿದ್ದೆಲ್ಲ ಹರ್ನಿಯಾ ಅಲ್ಲ, ಕೀವುಗಡ್ಡೆಯೂ ಆಗಿರಬಹುದು. ಕರುವನ್ನು ಅಂಗಾತ ಮಲಗಿಸಿ ಊತವನ್ನು ಒತ್ತಿ ನೋಡಿ. ಒಳಗಿನದು ಜಾರಿ ಹೊಟ್ಟೆಗೆ ಹೋಗಿ, ಬೆರಳಿಗೆ ಗಟ್ಟಿ ಅಂಚಿನ ಉಂಗುರ ಸಿಕ್ಕರೆ ಅದು ಹರ್ನಿಯಾ. ಬಿಸಿಯಾಗಿದ್ದು, ಮುಟ್ಟಿದರೆ ಕರು ಒದ್ದು, ಒಳಗೆ ಹೋಗದಿದ್ದರೆ ಕೀವಿನ ಸಂಶಯ. ಎರಡೂ ಒಟ್ಟಿಗೆ ಇರುವುದೂ ಉಂಟು. ಅಂಥಲ್ಲಿ ಅಲ್ಟ್ರಾಸೌಂಡ್ ನೆರವಾಗುತ್ತದೆ. ಕೀವೆಂದುಕೊಂಡು ಮನೆಯಲ್ಲೇ ಚುಚ್ಚಬೇಡಿ. ಒಳಗೆ ಕರುಳಿದ್ದರೆ ಅದಕ್ಕೇ ತೂತಾಗುತ್ತದೆ.

ಉಂಗುರ ಎರಡು ಬೆರಳಿನಷ್ಟಿದ್ದರೆ ಮೂರ್ನಾಲ್ಕು ತಿಂಗಳು ಕಾಯಬಹುದು, ಕರು ಬೆಳೆದಂತೆ ತಾನಾಗಿ ಮುಚ್ಚುವ ಸಾಧ್ಯತೆ ಇದೆ. ಮೂರು ಬೆರಳು ದಾಟಿದ್ದರೆ, ಅಥವಾ ದಿನೇ ದಿನೇ ಹಿಗ್ಗುತ್ತಿದ್ದರೆ ಶಸ್ತ್ರಕ್ರಿಯೆ. ಚೀಲ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಕರು ಹೊಟ್ಟೆಗೆ ಒದ್ದುಕೊಳ್ಳತೊಡಗಿದರೆ ಒಂದು ಗಂಟೆಯೂ ಕಾಯಬಾರದು. ಕರುಳು ಉಂಗುರಕ್ಕೆ ಸಿಕ್ಕಿ ರಕ್ತ ನಿಂತಿದೆ. ಚೀಲದ ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಉದುರಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಒಳಗೆ ಕರುಳಿನ ಒಂದು ಸುತ್ತು ಉಳಿದಿದ್ದರೆ ಚೀಲದ ಜೊತೆ ಕರುವೂ ಹೋಗುತ್ತದೆ.

ಈ ಶಸ್ತ್ರಕ್ರಿಯೆಗೆ ಕರುವನ್ನು ಅಂಗಾತ ಮಲಗಿಸಿ ಮಂಪರು ಬರಿಸಬೇಕು. ಬಳಸುವ ಔಷಧ ಸಾಮಾನ್ಯವಾಗಿ ಜೈಲಜಿನ್. ದನಗಳ ಮೈ ಇದಕ್ಕೆ ಬಹಳ ಸೂಕ್ಷ್ಮ: ಕುದುರೆಗೆ ಕೊಡುವ ಪ್ರಮಾಣದ ಹತ್ತರಲ್ಲೊಂದು ಪಾಲು ಸಾಕು. ಹೊಲಿಯುವಾಗ ಉಂಗುರದ ಒಂದು ಅಂಚನ್ನು ಇನ್ನೊಂದರ ಮೇಲೆ ಹೇರಿ, ಪಂಚೆ ಸುತ್ತಿದಂತೆ ಮುಚ್ಚುವುದು ಹಳೆಯ ಕ್ರಮ. ನೋಡಲು ಭದ್ರ, ಆದರೆ ಎಳೆತ ಜಾಸ್ತಿ. ಅಂಚಿಗೆ ಅಂಚು ತಾಗಿಸಿ ಹೊಲಿದರೆ ಹೆಚ್ಚು ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಉಂಗುರ ತೀರ ದೊಡ್ಡದಾಗಿ ಅಂಚುಗಳು ತಾಗದಿದ್ದರೆ ಪಾಲಿಪ್ರೊಪಿಲೀನ್ ಜಾಲರಿಯ ತೇಪೆ ಹಾಕುತ್ತಾರೆ. ಮನುಷ್ಯರ ಹರ್ನಿಯಾಕ್ಕೆ ಬಳಸುವುದೂ ಅದನ್ನೇ. ಆಮೇಲೆ ಒಂದು ತಿಂಗಳು ಕರುವನ್ನು ಓಡಲು ಬಿಡದೆ ಸಣ್ಣ ಜಾಗದಲ್ಲಿ ಕಟ್ಟಬೇಕು.

ಮುಂಗಾಲಿನ ಗೊರಸು ಹಿಂದಕ್ಕೆ ಮಡಚಿಕೊಂಡು, ಗಿಣ್ಣಿನ ಮೇಲೆ ನಿಲ್ಲುವ ಕರುಗಳನ್ನು ನೀವು ನೋಡಿರಬಹುದು. ಊರಲ್ಲಿ "ನರ ಎಳೆದಿದೆ" ಎನ್ನುತ್ತಾರೆ. ನಿಜವಾಗಿ ಗಿಡ್ಡಾಗಿರುವುದು ನರವಲ್ಲ, ಕಾಲಿನ ಹಿಂದಿನ ಸ್ನಾಯುರಜ್ಜು. ಕೈಯಿಂದ ಎಳೆದು ನೆಟ್ಟಗೆ ಮಾಡಲು ಬಂದರೆ ಚಾಕು ಬೇಡ. ದಪ್ಪ ಹತ್ತಿ ಸುತ್ತಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ದಬ್ಬೆಯಂತೆ ಕಟ್ಟಿದರೆ ಬಹಳ ಕರುಗಳು ಎರಡು ಮೂರು ವಾರದಲ್ಲಿ ನೆಟ್ಟಗೆ ನಡೆಯುತ್ತವೆ. ವಾರಕ್ಕೊಮ್ಮೆಯಾದರೂ ಬಿಚ್ಚಿ ನೋಡಿ ಮತ್ತೆ ಕಟ್ಟಬೇಕು. ಹತ್ತಿ ಕಡಿಮೆಯಾದ ಕಡೆ ಪೈಪಿನ ಅಂಚು ಚರ್ಮ ತಿಂದು ಮೂಳೆ ಕಾಣುವಂತಾಗುತ್ತದೆ, ಆ ಹುಣ್ಣು ಮೂಲ ದೋಷಕ್ಕಿಂತ ಕಷ್ಟ. ಎಳೆದರೂ ಬಾರದ ಕಾಲಿಗೆ ಮಾತ್ರ ಶಸ್ತ್ರಕ್ರಿಯೆ: ಚರ್ಮಕ್ಕೆ ಹತ್ತಿರದ ರಜ್ಜುವನ್ನು ಮೊದಲು ಕತ್ತರಿಸಿ, ಸಾಲದಿದ್ದರೆ ಆಳದ್ದನ್ನೂ ಕತ್ತರಿಸಿ, ಮತ್ತೆ ದಬ್ಬೆ ಕಟ್ಟುತ್ತಾರೆ. ಕೀಲೇ ಬಿಗಿದುಹೋಗಿದ್ದರೆ ರಜ್ಜು ಕತ್ತರಿಸಿ ಫಲವಿಲ್ಲ.

ಕಾಲಿನ ಚಿಂತೆಯಲ್ಲಿ ಮರೆಯುವ ಸಂಗತಿ ಒಂದಿದೆ. ನಿಲ್ಲಲಾರದ ಕರು ಕೆಚ್ಚಲು ಮುಟ್ಟಲಾರದು. ಗಿಣ್ಣುಹಾಲಿನ ರೋಗನಿರೋಧಕ ಅಂಶಗಳನ್ನು ಕರುವಿನ ಕರುಳು ಹೀರುವುದು ಮೊದಲ 24 ಗಂಟೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. 30 ಕೆಜಿ ತೂಕದ ಕರುವಿಗೆ ಆ ದಿನ ಸುಮಾರು 3 ಲೀಟರ್ ಬೇಕು. ಬಾಟಲಿಯಲ್ಲಿ ಕುಡಿಸಿ. ಮನೆಯವರ ಬೆಲ್ಲ ಏಲಕ್ಕಿಯ ಗಿಣ್ಣು ಆಮೇಲೆ ಆಗಲಿ.

ಕಣ್ಣಗುಡ್ಡೆಯ ಮೇಲೆ ಕೂದಲು ಬೆಳೆದ ಚರ್ಮದ ತುಣುಕು ಇದ್ದರೆ ಅದನ್ನು ತೆಳುವಾಗಿ ಹೆರೆದು ತೆಗೆಯುತ್ತಾರೆ. ಕಣ್ಣೀರು ನಿಂತು ಕರು ಚೆನ್ನಾಗಿ ನೋಡುತ್ತದೆ. ಕುರಿಮರಿಗಳಲ್ಲಿ ರೆಪ್ಪೆ ಒಳಕ್ಕೆ ಮಡಚಿ ಕೂದಲು ಕಣ್ಣಿಗೆ ಉಜ್ಜುವುದು ಸಾಮಾನ್ಯ, ಮೊದಲ ದಿನಗಳಲ್ಲೇ ನೋಡಿದರೆ ಒಂದೆರಡು ಹೊಲಿಗೆಯಲ್ಲಿ ಸರಿಹೋಗುತ್ತದೆ. ಸೀಳಿದ ಅಂಗುಳದ ಕರುವಿಗೆ ಕುಡಿದ ಹಾಲು ಮೂಗಿನಿಂದ ಬರುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ಸೀಳು ದೊಡ್ಡದಿದ್ದರೆ ಉಳಿಸುವುದು ಬಹಳ ಕಷ್ಟ.

"ನಾವೇನು ಪಾಪ ಮಾಡಿದ್ವಿ ಸಾ? ಗ್ರಹಣದಲ್ಲಿ ಹಸು ಹೊರಗೆ ಕಟ್ಟಿದ್ವಿ, ಅದಕ್ಕಾ?" ಎಂದು ಕೇಳುವವರಿದ್ದಾರೆ. ಅಲ್ಲ. ಕಾರಣಗಳನ್ನು ವಿಜ್ಞಾನ ಒಂದೊಂದಾಗಿ ಹುಡುಕಿದೆ. ಅಮೆರಿಕದ ಐಡಾಹೋದಲ್ಲಿ ಹಣೆಯ ನಡುವೆ ಒಂದೇ ಕಣ್ಣಿನ ಕುರಿಮರಿಗಳು ಹುಟ್ಟುತ್ತಿದ್ದವು. ಗಬ್ಬದ 14ನೇ ದಿನದ ಆಸುಪಾಸಿನಲ್ಲಿ ತಾಯಿಕುರಿ ವೆರಾಟ್ರಂ ಎಂಬ ಕಾಡುಗಿಡ ಮೇಯ್ದದ್ದೇ ಕಾರಣವೆಂದು ಗೊತ್ತಾಯಿತು. ಆ ಹೊತ್ತಿಗೆ ಮಂದೆಯನ್ನು ಗಿಡವಿರುವ ಕಡೆ ಬಿಡದಿದ್ದರೆ ಸಾಕಾಗಿತ್ತು. 2011ರಲ್ಲಿ ಜರ್ಮನಿಯ ಶ್ಮಾಲೆನ್‌ಬರ್ಗ್ ಊರಿನ ಬಳಿ ಪತ್ತೆಯಾದ ವೈರಸ್, ನುಸಿಗಳ ಮೂಲಕ ಗಬ್ಬದ ಹಸು ಕುರಿಗಳಿಗೆ ತಗುಲಿ, ಕೀಲು ಬಿಗಿದ, ಮಿದುಳು ಬೆಳೆಯದ ಮರಿಗಳು ಹುಟ್ಟಲು ಕಾರಣವಾಯಿತು.

ನಮ್ಮ ಸೀಮೆಹಸುಗಳಿಗೆ ಹೆಚ್ಚು ಹತ್ತಿರದ ವಿಷಯ ವಂಶವಾಹಿ. 1974ರಲ್ಲಿ ಹುಟ್ಟಿದ ಕಾರ್ಲಿನ್‌-ಎಂ ಐವನ್‌ಹೋ ಬೆಲ್ ಎಂಬ ಹೋಲ್‌ಸ್ಟೀನ್ ಹೋರಿಯ ಹೆಣ್ಣು ಮಕ್ಕಳು ಚೆನ್ನಾಗಿ ಹಾಲು ಕೊಡುತ್ತಿದ್ದವು, ಅದರ ವೀರ್ಯ ಹಲವು ದೇಶಗಳಿಗೆ ಹೋಯಿತು. ಅದರ ಮೈಯಲ್ಲಿ ಎರಡು ದೋಷಗಳು ಅಡಗಿದ್ದವು. ಒಂದರಲ್ಲಿ ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಸೋಂಕಿನ ಜಾಗಕ್ಕೆ ಹೋಗಲಾರವು. ಇನ್ನೊಂದರಲ್ಲಿ ಕತ್ತು ಗಿಡ್ಡಾಗಿ, ಬೆನ್ನೆಲುಬು ತಿರುಚಿ, ಕಾಲಿನ ಕೀಲುಗಳು ಬಾಗಿದ ಕರುಗಳು, ಹೆಚ್ಚಾಗಿ ಸತ್ತೇ ಹುಟ್ಟುತ್ತವೆ. ಇಂಥ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬಂದು ಕೂಡಿದಾಗ ಮಾತ್ರ ಹೊರಗೆ ಕಾಣುತ್ತದೆ, ಆದ್ದರಿಂದ ಹೋರಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಭಾರತದಲ್ಲಿ ಈಗ ವೀರ್ಯ ಕೇಂದ್ರಗಳಿಗೆ ಹೋರಿ ಸೇರಿಸುವ ಮೊದಲು ಇಂಥ ಕೆಲವು ಅನುವಂಶೀಯ ದೋಷಗಳಿಗೆ ರಕ್ತ ಪರೀಕ್ಷೆ ಕಡ್ಡಾಯ. ಆದರೆ ಗುದವಿಲ್ಲದಿರುವುದಕ್ಕೆ, ಹೊಕ್ಕುಳ ಹರ್ನಿಯಾಕ್ಕೆ ಅಂಥ ಸರಳ ಪರೀಕ್ಷೆ ಇಲ್ಲ. ಅಲ್ಲಿ ರೈತರು ಕೊಡುವ ಮಾಹಿತಿಯೇ ದಾರಿ. ಹಸುವಿಗೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುವಾಗ ವೀರ್ಯದ ಸ್ಟ್ರಾ, ಅಂದರೆ ವೀರ್ಯ ತುಂಬಿದ ಸಣ್ಣ ನಳಿಕೆಯ ಮೇಲೆ ಮುದ್ರಿಸಿದ ಹೋರಿಯ ನಂಬರನ್ನು ಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಬರೆದಿಡಿ. ದೋಷದ ಕರು ಹುಟ್ಟಿದರೆ ಆ ನಂಬರನ್ನು ಪಶುವೈದ್ಯರಿಗೆ ತಿಳಿಸಿ. ಒಂದೇ ಹೋರಿಯಿಂದ ಬೇರೆ ಬೇರೆ ಊರಲ್ಲಿ ಇಂಥ ಕರುಗಳು ಹುಟ್ಟಿವೆ ಎಂದು ತಿಳಿಯುವುದು ಹಾಗೆಯೇ.

ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನ ಬರುತ್ತದೆ. ದೊಡ್ಡ ಶಸ್ತ್ರಕ್ರಿಯೆಗಳಿಗೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿವೆ.

ಎರಡು ವರ್ಷ ಕಳೆದ ಮೇಲೆ ಇನ್ನೊಂದು ಫೋನು ಬರುತ್ತದೆ. ಯೋನಿಯಿಂದ ಸಗಣಿ ಬರುತ್ತಿದ್ದು, ನಾನು ಕಿಂಡಿ ಮುಚ್ಚಿ ಹೊಲಿದಿದ್ದ ಹೆಣ್ಣುಗರುವೊಂದು ಈಗ ಕಡಸು, ಬೆದೆಗೆ ಬಂದಿದೆ. "ಇಂಜೆಕ್ಷನ್ ಕೊಡಿಸಬಹುದಾ ಸಾ?" ಕಿಂಡಿ ಮುಚ್ಚಿದ ಜಾಗದ ಕಲೆ ಹಿಗ್ಗುವುದಿಲ್ಲ, ಕರು ಹಾಕುವಾಗ ಹರಿಯಬಹುದು. ದೋಷ ಮುಂದಿನ ಪೀಳಿಗೆಗೂ ಹೋಗಬಹುದು. ಬೇಡ ಎನ್ನುತ್ತೇನೆ. ಸಾಕಿದವರಿಗೆ ಬೇಸರವಾಗುತ್ತದೆ ಎಂದು ಗೊತ್ತಿದ್ದೇ, ಈ ಮಾತನ್ನು ಮೊದಲ ಹೊಲಿಗೆ ಹಾಕುವ ದಿನವೇ ಅವರಿಗೆ ಹೇಳಿರುತ್ತೇನೆ.